ಇಪ್ಪತ್ಮೂರನೇ ನಂಬರಿನ ಪೆಟ್ಟಿಗೆ

ಕೊನೆಯ ಡಿಸ್ಕಿಗೂ ತೂತು ಬಿದ್ದ ಮೇಲೆ ಸಫೀನಾಜ್ ಪೆನ್ನಿಗೆ ಮುಚ್ಚಳ ಹಾಕಿದಳು. ಬೆಳಗಿನಿಂದ ಸಂಘದ ಅಂಗಳದಲ್ಲಿ ಕಿರುಗುಟ್ಟುತ್ತಿದ್ದ ಕೊರೆಯುವ ಯಂತ್ರ ನಿಂತಿತ್ತು. ಆದರೂ ಅದು ಕಿವಿಯೊಳಗೆ ಇನ್ನೂ ತಿರುಗುತ್ತಿರುವ ಹಾಗಿತ್ತು.

ಹಳೆಯ ಕಂಪ್ಯೂಟರುಗಳನ್ನು ಒಯ್ಯಲು ಪರವಾನಗಿ ಪಡೆದ ಕಂಪನಿಯ ಲಾರಿ ಗೇಟಿನೊಳಗೆ ನಿಂತಿತ್ತು. ಅದರ ಮೇಲ್ವಿಚಾರಕ ರವೂಫ್ ಒಂದೊಂದೇ ಪೆಟ್ಟಿಗೆಯ ಪಕ್ಕ ಬಿಚ್ಚಿ, ಡಿಸ್ಕ್ ಹೊರತೆಗೆದು, ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದ ನಂಬರನ್ನು ಗಟ್ಟಿಯಾಗಿ ಓದಿ, ಡಿಸ್ಕಿನ ಮೇಲೂ ಗೀಚುತ್ತಿದ್ದ. ಸಫೀನಾಜ್ ಆ ನಂಬರಿಗೆ ಗುರುತು ಹಾಕಿದ ಮೇಲೆಯೇ ಡಿಸ್ಕು ಯಂತ್ರದ ಬಾಯಿಗೆ ಹೋಗುತ್ತಿತ್ತು. ಇದೆಲ್ಲ ಸಮಿತಿಯ ಮೂವರ ಕಣ್ಣೆದುರಿಗೇ ಆಗಬೇಕೆಂದು ಸಲಹಾ ಕೊಠಡಿಯ ಡಾಕ್ಟರ್ ಮಾಗ್ದಾ ಹಟ ಹಿಡಿದಿದ್ದರು. ಅಳಿಸಿದ ಕಡತವನ್ನು ಮತ್ತೆ ಎಬ್ಬಿಸುವುದು ಈಗ ದೊಡ್ಡ ವಿದ್ಯೆಯೇನಲ್ಲ, ಡಿಸ್ಕು ತೂತಾಗದ ಹೊರತು ತಾನು ಸಹಿ ಮಾಡುವುದಿಲ್ಲ ಎಂದಿದ್ದರು. ಸಮಿತಿ ಎಂದರೆ ಅವರು, ನಿರ್ದೇಶಕ ವಗ್ದಿ ಮತ್ತು ಉಗ್ರಾಣದ ಸಫೀನಾಜ್.

ಕರ್ಮೂಜ್ ಬಡಾವಣೆಯ ಈ ಧರ್ಮಾರ್ಥ ಚಿಕಿತ್ಸಾ ಸಂಘದಲ್ಲಿ ನಂಬರಿರುವ ಪ್ರತಿ ವಸ್ತುವೂ ಸಫೀನಾಜಳ ಉಹ್ದಾ. ಹಾಸಿಗೆಯಾಗಲಿ, ಗೋಡೆ ಗಡಿಯಾರವಾಗಲಿ, ಅವಳ ಹೆಸರಿನಲ್ಲಿ ಬರೆದಿರುತ್ತದೆ. ಕಾಣೆಯಾದರೆ ಅವಳೇ ಉತ್ತರ ಹೇಳಬೇಕು. ಉಹ್ದಾ ಪೂರ್ತಿ ಒಪ್ಪಿಸಿ ಕೈ ಬಿಡಿಸಿಕೊಳ್ಳದವರ ನಿವೃತ್ತಿಯ ಕಾಗದ ಮೇಜಿನಿಂದ ಮೇಜಿಗೆ ಹೋಗುವುದಿಲ್ಲ. ಸಫೀನಾಜಳಿಗೆ ಹಬ್ಬ ಕಳೆದ ಮೇಲೆ ನಿವೃತ್ತಿ. ಕಂಪ್ಯೂಟರುಗಳೇ ಕೊನೆಯ ದೊಡ್ಡ ಬಾಬತ್ತು. ಇವತ್ತು ಅದೂ ತಾಳೆಯಾಗಿತ್ತು. ವಗ್ದಿ ಸಹಿ ಹಾಕಿ, ಎಲ್ಲರಿಗೂ ಕಬ್ಬಿನ ಹಾಲು ತರುವಂತೆ ಚಹಾದ ಗಾಬರ್‌ಗೆ ಹೇಳಿ ಒಳಗೆ ಹೋದರು.

ಮಾಗ್ದಾ ಮಾತ್ರ ಎದ್ದಿರಲಿಲ್ಲ. ಟ್ರೇಯಲ್ಲಿದ್ದ ತೂತು ಬಿದ್ದ ಡಿಸ್ಕುಗಳಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ತಯಾರಕರ ಚೀಟಿ ಓದುತ್ತಿದ್ದರು. ಅದು ಅವರದೇ ಕೊಠಡಿಯ ಕಂಪ್ಯೂಟರಿನದು, ಇಪ್ಪತ್ಮೂರನೇ ನಂಬರು.

"ಮದಾಮ್ ಸಫೀನಾಜ್, ಇದು ದಾನಿಗಳು ಕೊಟ್ರಲ್ಲ, ಆ ಹೊಸಾ ಮಷೀನಿಂದು. ಅದಕ್ಕೂ ಮುಂಚೆ ನನ್ನ ಹತ್ರ ಒಂದಿತ್ತು. ಮೊದಲು ಬಂದೋರ ಹೆಸರು, ವಿಳಾಸ ಎಲ್ಲ ಅದರಲ್ಲೇ ಇದ್ದದ್ದು. ಅದೂ ಇವತ್ತೇ ಆಯ್ತು ತಾನೇ?"

ಆ ಹೊಸ ಯಂತ್ರ ಬಂದ ದಿನ ಸಫೀನಾಜಳಿಗೆ ಚೆನ್ನಾಗಿ ನೆನಪಿತ್ತು. ವರ್ಷಾಂತ್ಯದ ತಪಾಸಣೆ ತಲೆಯ ಮೇಲಿತ್ತು. ದಾನವಾಗಿ ಬಂದದ್ದಕ್ಕೆ ಹೊಸ ನಂಬರು ಕೊಡಿಸಬೇಕೆಂದರೆ ಬೇರೆ ಸಮಿತಿ, ಬೇರೆ ಮುದ್ರೆ, ತಿಂಗಳುಗಟ್ಟಲೆ ಓಡಾಟ. ತಪಾಸಣೆಗೆ ಬರುವವರು ನೋಡುವುದು ಚೀಟಿಯನ್ನೇ ಹೊರತು ಯಂತ್ರವನ್ನಲ್ಲ. ಇಪ್ಪತ್ಮೂರು ಎಂದರೆ ಸಲಹಾ ಕೊಠಡಿಯ ಕಂಪ್ಯೂಟರು. ಕೊಠಡಿಯಲ್ಲಿ ಒಂದು ಕಂಪ್ಯೂಟರಿದೆ. ಅವಳು ಗಾಬರ್‌ನ ಕೆಟಲಿನ ಹಬೆ ಹಿಡಿದು ಹಳೆಯದರ ಬೆನ್ನಿಂದ ಚೀಟಿ ಎಬ್ಬಿಸಿ ಹೊಸದಕ್ಕೆ ಅಂಟಿಸಿದಳು. ಊರಿನ ಉಗ್ರಾಣಗಳಲ್ಲೆಲ್ಲ ನಡೆಯುವ ಕೆಲಸ ಅದು; ಯಾರೂ ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ. ನಂಬರು ಕಳೆದುಕೊಂಡ ಹಳೆಯ ಪೆಟ್ಟಿಗೆ ಮೆಟ್ಟಿಲಿನ ಕೆಳಗೆ ಹೋಗಿ ಕೂತಿತು. ಅಂದಿನಿಂದ ಅದು ಯಾರ ಉಹ್ದಾವೂ ಅಲ್ಲ. ಲೆಕ್ಕದ ಪ್ರಕಾರ ಅದು ಇಲ್ಲವೇ ಇಲ್ಲ.

ನೋಡಿ ಹೇಳುತ್ತೇನೆಂದು ಡಾಕ್ಟರಿಗೆ ಹೇಳಿ ಅವಳು ಮೆಟ್ಟಿಲಿನ ಹತ್ತಿರ ಹೋದಳು. ಅಲ್ಲಿ ಏನೂ ಇರಲಿಲ್ಲ. ನೆಲ ತೊಳೆದು ಒಣಗಿತ್ತು.

ಗಾಬರ್ ಅಡುಗೆಮನೆಯಲ್ಲಿ ಲೋಟ ಒರೆಸುತ್ತಿದ್ದ. ಸಮಿತಿ ಕೂರುವ ಮೊದಲು ನಂಬರಿಲ್ಲದ ಕಸವನ್ನೆಲ್ಲ ಹೊರಗೆ ಹಾಕು ಎಂದು ನಿರ್ದೇಶಕರೇ ಹೇಳಿದ್ದರಂತೆ. ಬೆಳಿಗ್ಗೆ ಹಳೆ ಸಾಮಾನು ಕೊಳ್ಳುವ ರೋಬಾಬೀಕಿಯಾ ಗಾಡಿಯವನು ಕೂಗಿಕೊಂಡು ಹೋಗುತ್ತಿದ್ದಾಗ ಕರೆದು, ಮುರಿದ ಫ್ಯಾನು, ಕಾಲಿಲ್ಲದ ಕುರ್ಚಿ, ಆ ಪೆಟ್ಟಿಗೆ, ಮೂರನ್ನೂ ಕೊಟ್ಟುಬಿಟ್ಟಿದ್ದ.

"ಸುಮ್ನೆ ಏನು ಕೊಡ್ಲಿಲ್ಲ ಮತ್ತೆ," ಎಂದು ಅವನು ಹೆಮ್ಮೆಯಿಂದ ಬಚ್ಚಲ ಕಡೆ ಕೈ ತೋರಿಸಿದ. ಅಲ್ಲಿ ಎರಡು ಹೊಸ ಪ್ಲಾಸ್ಟಿಕ್ ಬೋಗುಣಿಗಳು ಒಂದರೊಳಗೊಂದು ಕೂತಿದ್ದವು. ಒಂದು ಕೆಂಪು, ಒಂದು ಹಸಿರು.

ಗಾಡಿಯವನು ಯಾರಿಗೆ ಮಾರುತ್ತಾನೆ ಎಂದು ಅವಳು ಕೇಳಿದಳು. ಈ ಕಡೆಯ ಗಾಡಿಗಳೆಲ್ಲ ಮೀನಾ ಎಲ್ ಬಸಲ್‌ನಲ್ಲಿ ಮುಅಲ್ಲಿಮಾ ಅತಿಯ್ಯಾತ್ ಎಂಬ ಒಡತಿಯ ಗುಜರಿ ಅಂಗಳಕ್ಕೇ ಹೋಗುವುದೆಂದು ಗಾಬರ್ ಹೇಳಿದ. ಸಫೀನಾಜ್ ಬೋಗುಣಿಗಳನ್ನು ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಗಾಬರ್‌ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

"ಅದು ನನ್ನ ಬೋಗುಣಿ, ಮದಾಮ್."

"ಗಾಬರ್, ವ್ಯಾಪಾರ ವಾಪಸ್ ಮಾಡೋಕೆ ಹೋಗ್ತಿದೀನಿ. ಡಾಕ್ಟ್ರು ಕೇಳಿದ್ರೆ ಈಗ ಬರ್ತಾಳೆ ಅನ್ನು."

ಗೇಟಿನಲ್ಲಿ ಅವಳು ರವೂಫ್‌ನನ್ನು ಸ್ವಲ್ಪ ತಡೆದು ಹೊರಡಲು ಕೇಳಿಕೊಂಡಳು. ಇಳಿಹೊತ್ತಿನ ಅಸ್ರ್ ನಮಾಜಿನವರೆಗೆ ಕಾಯಬಲ್ಲೆ, ಆಮೇಲೆ ಲಾರಿ ಹೊರಟುಬಿಡುತ್ತದೆ ಎಂದು ಅವನು ಹೇಳಿದ.

ಊರೊಳಗೆ ಜನ ತುಂಬಿಕೊಂಡು ಓಡುವ ಮಶ್ರೂ ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂತು, ಬೋಗುಣಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಒಬ್ಬಳ ಬಗ್ಗೆಯೇ ಯೋಚಿಸುತ್ತಿದ್ದಳು. ಅವಳ ಮನೆಯ ಮೇಲಿನ ಮಹಡಿಯ ದುಹಾ. ದುಹಾಳ ಗಂಡ ಶ್ವಾಸಕೋಶದ ಕಾಯಿಲೆಯಿಂದ ಸತ್ತನೆಂದು ಬೀದಿಗೆಲ್ಲ ಗೊತ್ತು. ಶ್ವಾಸಕೋಶ ಹಾಗೇಕೆ ಕುಸಿಯಿತೆಂಬುದು ದುಹಾಳಿಗೆ ಮತ್ತು ಸಫೀನಾಜಳಿಗೆ ಮಾತ್ರ ಗೊತ್ತು. ಗಂಡನಿಗಿದ್ದ ಎಚ್‌ಐವಿ ತನಗೂ ಇರಬಹುದೆಂಬ ಭಯದಲ್ಲಿ ಅವಳು ತಿಂಗಳುಗಟ್ಟಲೆ ಒದ್ದಾಡಿದ್ದಳು. ಆದರೆ ಹೆಸರು ಬರೆಸಬೇಕಾದ ಯಾವ ಬಾಗಿಲಿಗೂ ಕಾಲಿಡುತ್ತಿರಲಿಲ್ಲ. ಬೀದಿಯ ತುದಿಯ ಶಿಶುವಿಹಾರದಲ್ಲಿ ಅವಳು ಟೀಚರು. ವಿಷಯ ತಿಳಿದರೆ ಆ ಕೆಲಸ ಅವತ್ತೇ ಹೋಗುತ್ತದೆ. ಅದಕ್ಕಿಂತ ದೊಡ್ಡದೆಂದರೆ ಮಗ ಆಸರ್. ಮೊಮ್ಮಗನನ್ನು ತನ್ನ ಮನೆಗೆ ಎಳೆದೊಯ್ಯಲು ಗಂಡನ ತಾಯಿ ಒಂದು ನೆಪಕ್ಕಾಗಿ ಕಾಯುತ್ತಿದ್ದಳು. ಸಫೀನಾಜಳೇ ಅವಳನ್ನು ಕೈ ಹಿಡಿದು, ಗುಟ್ಟಾಗಿ ಆ ಪರೀಕ್ಷೆ ಮಾಡುವ ಮಾಗ್ದಾ ಹತ್ತಿರ ಕರೆತಂದದ್ದು. ಮೆಟ್ಟಿಲಿನ ಮೇಲೆ ನಿಂತು ಹೇಳಿದ ಮಾತು ಈಗ ವ್ಯಾನಿನ ಸದ್ದಿನ ನಡುವೆಯೂ ಕೇಳುತ್ತಿತ್ತು: ಹೆದರಬೇಡ, ಆ ಮಷೀನು ನನ್ನ ಉಹ್ದಾದಲ್ಲಿದೆ.

ಅತಿಯ್ಯಾತಳ ಅಂಗಳ ಹಳೆಯ ಹತ್ತಿ ಗೋದಾಮೊಂದರ ಗೋಡೆಗಳ ನಡುವೆ ಇತ್ತು. ಒಳಗೆ ಕಾಲಿಟ್ಟರೆ ಸುಟ್ಟ ತಂತಿಯ ವಾಸನೆ. ಒಂದು ಕಡೆ ಫ್ರಿಜ್ಜುಗಳು, ಒಂದು ಕಡೆ ಗೋಡೆಯೆತ್ತರ ಪೇರಿಸಿದ ಖಾಲಿ ಕಂಪ್ಯೂಟರು ಪೆಟ್ಟಿಗೆಗಳು. ನೆರಳಿನಲ್ಲಿ ಕೂತ ಹೆಂಗಸರು ಹಸಿರು ಫಲಕಗಳಿಂದ ತಾಮ್ರ, ಅಲ್ಯುಮಿನಿಯಂ ಕಿತ್ತು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಯಾರ ಕೈಗೂ ಗವಸಿರಲಿಲ್ಲ.

ತಕ್ಕಡಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ದಪ್ಪ ಹೆಂಗಸೇ ಮುಅಲ್ಲಿಮಾ. ಕಪ್ಪು ನಿಲುವಂಗಿ, ಕೈತುಂಬ ಬಳೆ, ಕಾಲಿನಲ್ಲಿ ಗಂಡಸರ ಚಪ್ಪಲಿ. ಸಫೀನಾಜ್ ಸಲಾಂ ಹೇಳಿ, ಬೋಗುಣಿಗಳನ್ನು ಅವಳ ಮುಂದಿಟ್ಟು, ಬಂದ ವಿಷಯ ಹೇಳಿದಳು. ಬೆಳಿಗ್ಗೆ ಕರ್ಮೂಜ್‌ನಿಂದ ಬಂದ ಒಂದು ಕಂಪ್ಯೂಟರು ತಪ್ಪಿ ಬಂದದ್ದು. ಕೊಟ್ಟದ್ದನ್ನು ವಾಪಸ್ ತಂದಿದ್ದೇನೆ, ತೆಗೆದುಕೊಂಡದ್ದನ್ನು ವಾಪಸ್ ಕೊಡಿ.

ಅತಿಯ್ಯಾತ್ ಬೋಗುಣಿಯನ್ನು ಬೆರಳಿನಿಂದ ತಟ್ಟಿ ನೋಡಿ, ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಅವಳನ್ನು ಹಾಗ್ಗಾ ಎಂದು ಕರೆದಳು.

"ಮೂವತ್ತು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ ಹಾಗ್ಗಾ. ಬೋಗುಣಿ ವಾಪಸ್ ತಂದೋಳು ನೀನೇ ಮೊದಲು. ತೂತಿದೆಯಾ ಹೇಗೆ?"

ಫಲಕ ಕೀಳುತ್ತಿದ್ದ ಹೆಂಗಸರು ನಕ್ಕರು. ಮುಅಲ್ಲಿಮಾ ಗುಡ್ಡೆಯ ಕಡೆ ಗದ್ದ ತೋರಿಸಿ, ನಿನ್ನ ಪೆಟ್ಟಿಗೆ ಗುರುತು ಸಿಕ್ಕರೆ ಒಯ್ಯಿ ಎಂದಳು.

ಗುರುತು ಸಿಕ್ಕಿತು. ಬೆನ್ನಿನ ಮೇಲೆ ಚೀಟಿ ಇದ್ದ ಜಾಗದಲ್ಲಿ ಬಣ್ಣ ಮಾಸದ ಚೌಕವೊಂದು ಹಾಗೇ ಉಳಿದಿತ್ತು. ಮುಂದೆ ಮಾಗ್ದಾ ದೃಷ್ಟಿಯಾಗದಿರಲೆಂದು ಅಂಟಿಸಿದ್ದ ನೀಲಿ ಮಣಿಯಿತ್ತು. ಸಫೀನಾಜ್ ಅದನ್ನು ಎಳೆದುಕೊಂಡಳು. ಅದು ಹಗುರವಾಗಿತ್ತು, ಒಳಗೆ ಏನೂ ಇರಲಿಲ್ಲ.

ಫಲಕಗಳು ಒಂದು ಕಡೆ, ತಂತಿ ಒಂದು ಕಡೆ, ಡಿಸ್ಕು ಒಂದು ಕಡೆ ಎಂದು ಮುಅಲ್ಲಿಮಾ ತಣ್ಣಗೆ ವಿವರಿಸಿದಳು. ಬೋಗುಣಿಗೆ ಬದಲು ಪೆಟ್ಟಿಗೆ ಬೇಕಾದರೆ ಕೊಡಬಹುದು. ಬೇರ್ಪಡಿಸಿದ ಮಾಲು ಬೇರೆ ಮಾತು. ಓಡುವ ಡಿಸ್ಕುಗಳಿಗೆ ಕೈರೋದ ವ್ಯಾಪಾರಿ ಹೇಳಿಟ್ಟಿದ್ದಾನೆ, ಅಸ್ರ್ ಹೊತ್ತಿಗೆ ಬರುತ್ತಾನೆ. ಓಡದವು ಲೋಹದ ತೂಕಕ್ಕೆ ಹೋಗುತ್ತವೆ. ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ನೋಡುವುದು ಅಳಿಯ ಜಕೀಯ ಕೆಲಸ.

ಜಕೀ ಗೋಡೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡಿದ್ದ. ಎದುರಿಗೆ ಲ್ಯಾಪ್‌ಟಾಪು, ಅದರಿಂದ ಹೊರಟ ಒಂದು ಕೇಬಲ್ಲು, ಕಾಲ ಬಳಿ ತುಂಬಿದ ಕಬ್ಬಿಣದ ತೊಟ್ಟಿ. ತೊಟ್ಟಿಯಲ್ಲಿದ್ದ ಡಿಸ್ಕುಗಳೆಲ್ಲ ಒಂದೇ ಅಳತೆ, ಒಂದೇ ಬೂದು ಬಣ್ಣ. ಅವನು ಒಂದನ್ನು ಎತ್ತಿ ಕೇಬಲ್ಲಿಗೆ ಸಿಕ್ಕಿಸುತ್ತಿದ್ದ. ಪರದೆ ತೆರೆದರೆ ಬಲಕ್ಕೆ, ತೆರೆಯದಿದ್ದರೆ ಎಡಕ್ಕೆ. ತೆರೆದದ್ದರೊಳಗೆ ಒಮ್ಮೆ ಇಣುಕಿ ನೋಡುವುದು ಅವನಿಗೆ ಅಭ್ಯಾಸವಾಗಿತ್ತು. ಯಾರದೋ ಮದುವೆಯ ಫೋಟೋಗಳು ಪರದೆಯ ಮೇಲಿದ್ದವು. ಮದುಮಗ ನೋಡು ಹಾಗ್ಗಾ, ನಿನ್ನೆ ಮೊನ್ನೆ ಜೈಲಿಂದ ಬಿಟ್ಟ ಹಾಗಿದಾನೆ ಎಂದು ಅವನು ತೋರಿಸಿದ.

ಸಫೀನಾಜ್ ಅವನಿಗೆ ಏನೂ ನೋಡಬೇಡ ಎಂದು ಹೇಳಲಿಲ್ಲ. ಹೇಳಿದರೆ ಅವನು ಹೆಚ್ಚು ನೋಡುತ್ತಾನೆಂದು ಅವಳಿಗೆ ಅನಿಸಿತು. ಸಂಘದ ಹಳೆಯ ಲೆಕ್ಕಪತ್ರವಿದೆ, ಕಳೆದುಹೋದರೆ ನನ್ನ ನಿವೃತ್ತಿ ನಿಲ್ಲುತ್ತದೆ ಎಂದಷ್ಟೇ ಹೇಳಿದಳು.

"ಅಷ್ಟೇನಾ? ಹಾಗಾದ್ರೆ ಒಂದು ಹೆಸರು ಹೇಳಿ ಸಾಕು," ಎಂದ ಜಕೀ. ಅವನ ದನಿಯಲ್ಲಿ ನಿಜವಾದ ಉಪಕಾರ ಬುದ್ಧಿಯಿತ್ತು. "ಅದರಲ್ಲಿರೋ ಯಾರದಾದ್ರೂ ಸರಿ, ಒಂದು ಹೆಸರು. ಒಂದೊಂದೇ ಸಿಕ್ಕಿಸ್ತೀನಿ, ಕಂಪ್ಯೂಟರೇ ಹುಡುಕಿ ಕೊಡುತ್ತೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ನಿಮ್ಮ ಮಾಲು ನಿಮ್ಮ ಕೈಲಿ."

ಅದರೊಳಗಿನ ಹೆಸರುಗಳಲ್ಲಿ ಸಫೀನಾಜಳಿಗೆ ಗೊತ್ತಿದ್ದದ್ದು ಒಂದೇ. ಜಕೀಯ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ಹೊರಗೆ ಎಲ್ಲೋ ಲಾರಿಯೊಂದು ಹಾರ್ನ್ ಹಾಕಿತು. ಕೈರೋದವನು ಬೇಗ ಬಂದನೇನೋ ಎಂದು ಅವಳು ಗೇಟಿನ ಕಡೆ ನೋಡಿದಳು. ದುಹಾ ಎನ್ನುವುದು ಎರಡೇ ಅಕ್ಷರ. ಹೇಳಿದರೆ ಡಿಸ್ಕು ಸಿಗುತ್ತದೆ. ಆದರೆ ಆ ಹೆಸರು ಆ ಪಟ್ಟಿಯ ನಡುವೆ ಹಳದಿ ಬಣ್ಣ ಹಚ್ಚಿಕೊಂಡು ಇವನ ಪರದೆಯ ಮೇಲೆ ನಿಲ್ಲುತ್ತದೆ. ಅವಳು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಳು.

"ನಾನು ಉಗ್ರಾಣದೋಳಪ್ಪ. ಹೆಸರು ಗಿಸರು ನನಗೆ ಗೊತ್ತಿಲ್ಲ."

ಹಾಗಾದರೆ ನಿಂತು ನೋಡಿ, ಬಂದಾಗ ಬರುತ್ತದೆ ಎಂದು ಅವನು ಭುಜ ಕುಣಿಸಿದ. ಅವಳು ತೊಟ್ಟಿಯನ್ನು ಇಡಿಯಾಗಿ ಕೊಳ್ಳುವ ಮಾತೆತ್ತಿದಳು. ಅದು ತಾನು ಆಡುವ ಮಾತಲ್ಲ, ಅತ್ತೆಯನ್ನು ಕೇಳಿ ಎಂದ. ಅತ್ತೆ ಕುರ್ಚಿಯಿಂದಲೇ ಆಗದೆಂದು ತಲೆಯಾಡಿಸಿದಳು: ಕೈರೋದವನಿಗೆ ಕೊಟ್ಟ ಮಾತು ಕೊಟ್ಟದ್ದೇ.

ಇನ್ನೊಂದು ಡಿಸ್ಕು. ಶಾಲೆಯ ಪ್ರಶ್ನೆಪತ್ರಿಕೆಗಳು. ಮತ್ತೊಂದು, ತೆರೆಯಲಿಲ್ಲ. ಮತ್ತೊಂದರಲ್ಲಿ ಯಾವುದೋ ಕಟ್ಟಡದ ನಕ್ಷೆ. ಸಫೀನಾಜ್ ಪರದೆ ನೋಡದೆ ಕೇಬಲ್ಲನ್ನೇ ನೋಡುತ್ತಿದ್ದಳು, ಅದು ಎಲ್ಲಿ ಸಿಕ್ಕಿಕೊಂಡಿದೆ, ಎಷ್ಟು ಬಿಗಿಯಾಗಿದೆ ಎಂದು. ಮುಂದಿನ ಡಿಸ್ಕು ಸಿಕ್ಕಿಸಿ ಜಕೀ ಸ್ವಲ್ಪ ಮುಂದೆ ಬಾಗಿದ.

"ಸಂಘದ ಹೆಸರಿದೆ ಇದರಲ್ಲಿ. ಇದೇ ಇರಬೇಕು."

ಇದೇ, ತೆಗೆದುಕೊಡು ಎಂದು ಅವಳು ಕೈ ಚಾಚಿದಳು. ಅಷ್ಟರಲ್ಲಿ ಅವನ ಬೆರಳು ಅಭ್ಯಾಸಬಲದಿಂದ ಎರಡು ಸಲ ಒತ್ತಿಯಾಗಿತ್ತು. ಪರದೆಯ ತುಂಬ ಸಾಲುಗಳು ತೆರೆದುಕೊಂಡವು, ವರ್ಣಮಾಲೆಯ ಕ್ರಮದಲ್ಲಿ. ಜಕೀ ಮೊದಲ ಸಾಲನ್ನು ಗಟ್ಟಿಯಾಗಿ ಓದಿದ.

"ಇಬ್ತಿಸಾಮ್ ಅಬ್ದೆಲ್ ಹಾದಿ. ಕೋಮ್ ಎಲ್ ಶುಕಾಫಾ, ಬೇಕರಿ ಹಿಂದೆ. ಫಲಿತಾಂಶ..."

ಸಫೀನಾಜ್ ಕೇಬಲ್ಲು ಹಿಡಿದು ಎಳೆದಳು. ಪರದೆ ಒಮ್ಮೆ ನಡುಗಿ ಖಾಲಿಯಾಯಿತು. ಡಿಸ್ಕು ಮೇಜಿನಿಂದ ಉರುಳುವ ಮೊದಲೇ ಅವಳ ಕೈಚೀಲದೊಳಗಿತ್ತು. ಅದು ಬೆಚ್ಚಗಿತ್ತು, ಚೀಲದ ಬಟ್ಟೆಯ ಮೂಲಕವೂ ತಿಳಿಯುತ್ತಿತ್ತು.

ಜಕೀ ಎದ್ದು ನಿಂತ. ಓಡುತ್ತಿರುವ ಡಿಸ್ಕನ್ನು ಹೀಗೆ ಎಳೆದರೆ ಕೆಡುತ್ತದೆ, ಇದಕ್ಕೆ ಯಾರು ಹೊಣೆ ಎಂದು ಮೊದಲು ಸಿಟ್ಟು ಮಾಡಿದ. ಆಮೇಲೆ ಅವನ ಮುಖದಲ್ಲಿ ಬೇರೆ ಏನೋ ಬಂತು. ಲೆಕ್ಕಪತ್ರದಲ್ಲಿ ಫಲಿತಾಂಶ ಯಾಕಿರುತ್ತೆ, ಏನು ಕಾಯಿಲೆ ಅದು, ಎಂದು ಕೇಳಿದ. ಅದರಲ್ಲಿರೋರೆಲ್ಲ ನಮ್ಮ ಕಡೆಯವರೇ ಇರೋ ಹಾಗಿದೆ, ಇನ್ನೊಂದು ಸಲ ಹಾಕಿ, ನಮ್ಮ ಬೀದಿಯೋರು ಯಾರಿದ್ದಾರೆ ನೋಡೋಣ ಎಂದ. ಹೆಂಗಸರ ಕೈಗಳು ಫಲಕಗಳ ಮೇಲೆ ನಿಂತಿದ್ದವು. ಗೇಟಿನ ಹತ್ತಿರ ಇದ್ದವನು, ಯಾರೂ ಹೇಳದಿದ್ದರೂ, ಗೇಟನ್ನು ಅರ್ಧ ಎಳೆದ.

ಮುಅಲ್ಲಿಮಾ ಕುರ್ಚಿಯಿಂದ ಎದ್ದು ಬಂದಳು. ಹತ್ತಿರ ಬಂದಾಗ ಸಫೀನಾಜಳಿಗಿಂತ ಒಂದು ಗೇಣು ಎತ್ತರವಿದ್ದಳು.

"ನನ್ನ ಅಂಗಳದಿಂದ ತೂಕ ಆಗದೆ ಒಂದು ಮೊಳೆ ಕೂಡ ಹೊರಗೆ ಹೋಗಲ್ಲ, ಹಾಗ್ಗಾ."

"ತೂಕ ಹಾಕಿ. ಚೀಲದ ಸಮೇತ ಹಾಕಿ. ಹೊರಗೆ ಮಾತ್ರ ತೆಗೆಯಲ್ಲ."

"ಚಿನ್ನ ಇದೆಯಾ ಅದರಲ್ಲಿ?"

ಸಫೀನಾಜ್ ಇಲ್ಲವೆಂದಳು. ಇವಳಿಗೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಜಕೀ ಓದಿದ ಸಾಲಿನ ಮುಂದೆ ಯಾವ ಸುಳ್ಳೂ ನಿಲ್ಲುವ ಹಾಗಿರಲಿಲ್ಲ. ಅವಳು ದನಿ ತಗ್ಗಿಸಿದಳು, ಮುಅಲ್ಲಿಮಾಗೆ ಮಾತ್ರ ಕೇಳುವಷ್ಟು.

"ಇದರಲ್ಲಿರೋರು ಯಾರೂ ನನಗೆ ಗೊತ್ತಿಲ್ಲ, ಒಬ್ಬಳನ್ನ ಬಿಟ್ಟು. ಅವಳ ಹೆಸರು ಹೊರಗೆ ಬಂದ್ರೆ ನಾಳೆ ಅವಳ ಮಗನ್ನ ಕಿತ್ಕೊಂಡು ಹೋಗ್ತಾರೆ. ಅವಳನ್ನ ಅಲ್ಲಿಗೆ ಕಳಿಸಿದ್ದು ನಾನು. ಮಷೀನು ನನ್ನ ಉಹ್ದಾ, ಹೆದರ್ಬೇಡ ಅಂದಿದ್ದೆ."

"ಉಹ್ದಾ ಆಗಿದ್ರೆ ನನ್ನ ಹತ್ರ ಹೆಂಗೆ ಬಂತು?"

"ನಂಬರು ಕಿತ್ತು ಇನ್ನೊಂದಕ್ಕೆ ಅಂಟಿಸಿದೆ. ತಪಾಸಣೆ ಇತ್ತು."

ಅತಿಯ್ಯಾತ್ ಮೂಗಿನಲ್ಲೇ ನಕ್ಕಳು. ಸರಕಾರಿ ಕಚೇರಿಗಳ ಮಾಲು ತೂಗಿ ತೂಗಿ ಅವಳಿಗೆ ಈ ವಿದ್ಯೆ ಹೊಸದಾಗಿರಲಿಲ್ಲ.

"ಅಂದ್ರೆ ಲೆಕ್ಕದಲ್ಲಿ ಇದು ಇಲ್ವೇ ಇಲ್ಲ. ಬಿಟ್ಟು ಮನೇಗೆ ಹೋದ್ರೆ ನಿನ್ನ ಯಾರೂ ಕೇಳ್ತಿರ್ಲಿಲ್ಲ. ಬಿಸಿಲಲ್ಲಿ ಬೋಗುಣಿ ಹೊತ್ಕೊಂಡು ಯಾಕೆ ಬಂದೆ?"

"ಅದಕ್ಕೇ ಬಂದೆ, ಮುಅಲ್ಲಿಮಾ. ಬೇರೆ ಯಾರೂ ಕೇಳೋರಿಲ್ಲ ಅಂತ."

ಅತಿಯ್ಯಾತ್ ಅವಳ ಮುಖವನ್ನೂ ಚೀಲವನ್ನೂ ನೋಡಿದಳು. ಜಕೀ ಏನೋ ಹೇಳಲು ಬಾಯಿ ತೆರೆದ. ಅತ್ತೆ ಕೈಯೆತ್ತಿದ್ದನ್ನು ನೋಡಿ ಮುಚ್ಚಿದ. ಅವಳು ತಕ್ಕಡಿಯ ಬಳಿ ಹೋಗಿ ಬೋಗುಣಿಗಳನ್ನು ಎತ್ತಿ ಹೆಂಗಸರಲ್ಲೊಬ್ಬಳ ಕಡೆ ತಳ್ಳಿದಳು. ಕರ್ಮೂಜ್ ಗಾಡಿಯ ವ್ಯಾಪಾರ ಮುರಿದುಬಿತ್ತು, ಕೊಟ್ಟದ್ದು ವಾಪಸ್ ಬಂತು, ತೆಗೆದುಕೊಂಡದ್ದು ವಾಪಸ್ ಹೋಗಲಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕೈರೋದವನಿಗೆ ಒಂದು ಕಡಿಮೆ ಬಿದ್ದರೆ ಅವನೇನೂ ಸಾಯುವುದಿಲ್ಲ. ಆಮೇಲೆ ಅಳಿಯನ ಕಡೆ ತಿರುಗಿದಳು.

"ಈಗ ಓದಿದ್ಯಲ್ಲ, ಅದನ್ನ ನುಂಗು. ಕಾಫಿ ಅಂಗಡೀಲಿ ಕಕ್ಕಿದ್ದು ನನ್ನ ಕಿವಿಗೆ ಬಿತ್ತೋ, ನೀನು ಯಾರ ಮನೇಲಿ ಉಣ್ತಿದೀಯ ಅನ್ನೋದು ಜ್ಞಾಪಕ ಇರ್ಲಿ."

ನಾನೇನು ಓದಿದೆ, ನನಗೇನೂ ನೆನಪಿಲ್ಲ ಎಂದು ಜಕೀ ಗೊಣಗಿದ. ಆದರೆ ಅವನ ಕಣ್ಣು ಸಫೀನಾಜಳ ಚೀಲದ ಮೇಲೆಯೇ ಇತ್ತು. ಅವನಿಗೆ ನೆನಪಿರುತ್ತದೆ ಎಂದು ಅವಳಿಗೆ ಖಚಿತವಾಗಿತ್ತು, ಯಾಕೆಂದರೆ ತನಗೂ ನೆನಪಿತ್ತು. ಬೇಕರಿಯ ಹಿಂದೆ ಎನ್ನುವುದೂ ಸಮೇತ.

ಅವಳು ಸಂಘದ ಗೇಟಿಗೆ ಬರುವಾಗ ಅಸ್ರ್ ನಮಾಜಿನ ಕರೆ ಕೇಳುತ್ತಿತ್ತು. ರವೂಫ್ ಯಂತ್ರವನ್ನು ಲಾರಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ. ಅವಳ ಕೈಯಲ್ಲಿದ್ದುದನ್ನು ನೋಡಿ ಹಗ್ಗ ಸಡಿಲಿಸಿ ಯಂತ್ರ ಇಳಿಸಿದ. ಡಿಸ್ಕನ್ನು ಯಂತ್ರದ ಬಾಯಿಗಿಟ್ಟು ಎಂದಿನಂತೆ ಕೇಳಿದ:

"ನಂಬರು?"

ಗಲಾಟೆ ಕೇಳಿ ವಗ್ದಿ ಮತ್ತು ಮಾಗ್ದಾ ಹೊರಗೆ ಬಂದಿದ್ದರು. ಸಫೀನಾಜ್ ನಂಬರಿಲ್ಲ ಎಂದಳು. ನಂಬರಿಲ್ಲದಿದ್ದರೆ ತೂತು ಹಾಕಬಹುದು, ಪ್ರಮಾಣಪತ್ರದಲ್ಲಿ ಬರೆಯಲಾಗದು ಎಂದ ರವೂಫ್. ವಗ್ದಿ ಅವಳನ್ನು ಪಕ್ಕಕ್ಕೆ ಕರೆದರು. ನಡೆದದ್ದನ್ನು ಅವಳು ಎರಡು ಮಾತಿನಲ್ಲಿ ಹೇಳುತ್ತಿದ್ದಂತೆಯೇ ಅವರಿಗೆ ಪೂರ್ತಿ ಅರ್ಥವಾಯಿತು. ಹಬೆ ಹಿಡಿದು ಚೀಟಿ ಎಬ್ಬಿಸುವುದು ಅವರ ಕಾಲದಲ್ಲೂ ಇತ್ತು. ಒಳ್ಳೆಯ ಮನಸ್ಸಿನಿಂದಲೇ ಬುದ್ಧಿ ಹೇಳಿದರು: ತೂತು ಬೀಳಲಿ, ಆಗಿಹೋಗಲಿ. ಬರೆಸುವುದೇಕೆ? ಬರೆಸಿದರೆ ವಿಚಾರಣೆ, ವಿಚಾರಣೆ ಎಂದರೆ ಹಬ್ಬದ ನಂತರದ ನಿವೃತ್ತಿ ಮುಂದಿನ ಹಬ್ಬಕ್ಕೆ.

ಸಫೀನಾಜ್ ಟ್ರೇಯಲ್ಲಿದ್ದ ಡಿಸ್ಕುಗಳನ್ನು ನೋಡಿದಳು. ಎಲ್ಲ ತಾಳೆಯಾಗಿದೆ ಎಂದು ಬೆಳಿಗ್ಗೆ ಎಷ್ಟು ನಿರಾಳವಾಗಿ ಪೆನ್ನಿಗೆ ಮುಚ್ಚಳ ಹಾಕಿದ್ದಳು. ಅವಳು ರವೂಫ್ ಕಡೆ ತಿರುಗಿದಳು.

"ಇಪ್ಪತ್ಮೂರು ಅಂತ ಬರೀರಿ."

"ಇಪ್ಪತ್ಮೂರು ಬೆಳಿಗ್ಗೇನೇ ಆಯ್ತಲ್ಲ, ಮದಾಮ್."

"ಅದು ಇಪ್ಪತ್ಮೂರಲ್ಲ. ಇದು. ಒಂದೇ ನಂಬರಿನವು ಎರಡು ಅಂತ ಬರೀರಿ, ಪಕ್ಕದಲ್ಲಿ ನನ್ನ ಹೆಸರು ಹಾಕಿ."

ವಗ್ದಿ ಕನ್ನಡಕ ತೆಗೆದು ಒರೆಸಿಕೊಂಡರು. ಯಂತ್ರ ಕಿರುಗುಟ್ಟಿ ಒಳಗಿಳಿಯಿತು. ಬೆಳ್ಳಿ ಬಣ್ಣದ ಚೂರುಗಳು ಟ್ರೇಗೆ ಉದುರಿದವು. ರವೂಫ್ ಇನ್ನೊಂದು ಜಾಗದಲ್ಲಿ, ಮತ್ತೊಂದು ಜಾಗದಲ್ಲಿ ತೂತು ಹಾಕಿದ. ಯಾರೂ ಸಾಕು ಎನ್ನಲಿಲ್ಲ.

ಮಾಗ್ದಾ ಉಸಿರು ಬಿಟ್ಟು ಅವಳ ತೋಳು ಹಿಡಿದರು. ಆಗ ಸಫೀನಾಜ್ ಉಳಿದದ್ದನ್ನು ಹೇಳಿದಳು, ತೀರಾ ಮೆಲ್ಲಗೆ. ಅದು ಅಲ್ಲಿ ಒಮ್ಮೆ ತೆರೆಯಿತು. ಒಂದು ಸಾಲು ಓದಿದರು. ಮೊದಲನೇ ಸಾಲು. ಡಾಕ್ಟರ ಕೈ ತೋಳಿನ ಮೇಲೆ ಹಾಗೇ ಇತ್ತು, ಆದರೆ ಹಿಡಿತ ಹೋಗಿತ್ತು. ಮೊದಲ ಸಾಲಿನಲ್ಲಿ ಯಾರಿದ್ದಾರೆಂದು ಅವರು ಕೇಳಲಿಲ್ಲ, ಅವರಿಗೆ ಗೊತ್ತಿತ್ತು.

"ನಾನೂ ನಿಮ್ಮ ಜೊತೆ ಬರ್ತೀನಿ ಡಾಕ್ಟ್ರೇ. ಅವರ ಮನೇಗೆ. ತಪ್ಪು ನಂದು, ನಾನೇ ಹೇಳ್ತೀನಿ."

"ಬೇಡ," ಎಂದರು ಮಾಗ್ದಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಬಾಗಿಲು ಯಾವ್ದು ಅಂತ ಇನ್ನೊಬ್ರಿಗೆ ಗೊತ್ತಾಗೋದು ಬೇಡ. ನಿಮಗೂ ಕೂಡ."

ಅವರು ಕೈಚೀಲ ತೆಗೆದುಕೊಂಡು ಒಬ್ಬರೇ ಹೊರಟರು. ಲಾರಿ ಅವರ ಹಿಂದೆ ಗೇಟು ದಾಟಿತು. ಗಾಬರ್ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ. ಬೋಗುಣಿಯ ವಿಷಯ ಕೇಳಲು ಬಂದವನು ಕೇಳದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟ.

ಸಂಜೆ ಅವಳು ಮನೆಯ ಮೆಟ್ಟಿಲು ಹತ್ತುವಾಗ ದುಹಾ ಮೇಲಿನಿಂದ ಬುಟ್ಟಿ ಹಿಡಿದು ಇಳಿಯುತ್ತಿದ್ದಳು, ಹಿಂದೆ ಆಸರ್ ಚೆಂಡು ಪುಟಿಸುತ್ತ. ಕಂಪ್ಯೂಟರು ಒಪ್ಪಿಸುವ ದಿನ ಇವತ್ತೇ ಎಂದು ದುಹಾಳಿಗೆ ಗೊತ್ತಿತ್ತು. ಒಂದು ವಾರದಿಂದ ಅದನ್ನೇ ಕಾಯುತ್ತಿದ್ದಳು. ಮಗನನ್ನು ಮುಂದೆ ಕಳಿಸಿ ಅವಳು ಮೆಟ್ಟಿಲಿನ ಪಕ್ಕದ ಗೋಡೆಗೆ ಒರಗಿದಳು.

"ಮುಗೀತಾ, ಸಫೀನಾಜ್ ತಾಂತ್?"

"ನಿಂದು ಮುಗೀತು," ಎಂದಳು ಸಫೀನಾಜ್. "ಕಣ್ಣಾರೆ ನೋಡಿದೆ."

ದುಹಾಳ ಮುಖ ಅರಳಿತು. ಎರಡು ಮೆಟ್ಟಿಲು ಇಳಿದವಳು ನಿಂತು ತಿರುಗಿ ನೋಡಿದಳು.

"ನಂದು ಅಂದ್ರೆ? ಉಳಿದೋರದು?"

ಸಫೀನಾಜ್ ಅಲ್ಲೇ ಮೆಟ್ಟಿಲಿನ ಮೇಲೆ ಕೂತಳು. ಕೆಳಗೆ ಅಂಗಳದಲ್ಲಿ ಚೆಂಡು ಗೋಡೆಗೆ ಬಡಿಯುತ್ತಿತ್ತು. ಒಬ್ಬರದು ಆಗಲಿಲ್ಲ ಎಂದು ಅವಳು ಹೇಳಿದಳು. ಹೆಸರು ಹೇಳಲಿಲ್ಲ. ದುಹಾ ಕೇಳಲೂ ಇಲ್ಲ. ಬುಟ್ಟಿಯನ್ನು ಪಕ್ಕಕ್ಕಿಟ್ಟು, ತಲೆವಸ್ತ್ರ ಸರಿಮಾಡಿಕೊಂಡು, ಅವಳ ಪಕ್ಕ ಕೂತಳು.